ನಾಲ್ಕು ಮಂಚದ ಕೋಣೆ

(ಹುಡುಗನ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

2024ರ ಏಪ್ರಿಲ್. ಮಂಡ್ಯದಲ್ಲಿ ನಾನು ಆಪ್ತಸಲಹೆಗೆ ಕೂರುವ ಕೋಣೆಗೆ ಇಪ್ಪತ್ತಮೂರರ ಮಗನನ್ನು ತಾಯಿ ಕೈಹಿಡಿದೇ ಕರೆತಂದರು. ಮಳವಳ್ಳಿ ಕಡೆಯವರು. ಹುಡುಗನ ಕೊರಳಲ್ಲಿ ಹೊಸ ತಾಯಿತ. "ಬೆಂಗ್ಳೂರಿಗೆ ಹೋದಾಗಿಂದ ಇಂಗಾಗವ್ನೆ ಕನಮ್ಮ. ಗಾಳಿ ಸೋಕದೋ, ಯಾವ್ದಾರ ಹುಡುಗಿ ವಿಸ್ಯವೋ, ಬಾಯೇ ಬಿಡ್ನಿಲ್ಲ."

ಊರಿಗೆ ಬಂದವನು ಭಾನುವಾರ ಸಂಜೆ ಬೆಂಗಳೂರು ಬಸ್ಸು ಹತ್ತುವ ಹೊತ್ತಿಗೆ ಎದೆ ಡವಡವ, ಅಂಗೈಯೆಲ್ಲ ಬೆವರು. ಮಲಗಿದರೆ ನಿದ್ದೆಯಿಲ್ಲ. ಎಂಟು ತಿಂಗಳಲ್ಲಿ ಬಟ್ಟೆಗಳೆಲ್ಲ ಸಡಿಲವಾಗಿದ್ದವು.

ಮೊದಲೆರಡು ಭೇಟಿಯಲ್ಲಿ ನಾನು ಕೆಲಸ, ಪ್ರೀತಿ, ಬಾಲ್ಯ ಎಲ್ಲ ಕೇಳಿದೆ. "ಏನಿಲ್ಲ ಮೇಡಂ" ಅನ್ನುವುದೊಂದೇ ಉತ್ತರ. ಮೂರನೇ ಸಲ ಒಂದು ಹಾಳೆ ಕೊಟ್ಟು, "ನೀನು ಮಲಗೋ ಜಾಗ ಬರೆದು ತೋರಿಸು" ಅಂದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು.

ಪಿಜಿಯ ಕೋಣೆ. ನಾಲ್ಕು ಕಬ್ಬಿಣದ ಮಂಚ, ನಡುವೆ ಒಬ್ಬ ಅಡ್ಡಡ್ಡ ನಡೆಯುವಷ್ಟು ಸಂದು. ಕಿಟಕಿ ತೆರೆದರೆ ಕೈಗೆಟಕುವ ಪಕ್ಕದ ಕಟ್ಟಡದ ಗೋಡೆ. ಇವನದು ಕಸ್ಟಮರ್ ಕೇರ್‌ನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಆರೂವರೆಗೆ ಬಂದು ಮಲಗುತ್ತಾನೆ. ಮಿಕ್ಕ ಮೂವರು ಏಳುವುದೇ ಆಗ. ಟ್ಯೂಬ್‌ಲೈಟ್, ಮೊಬೈಲ್ ಸದ್ದು, ಬಕೆಟ್ ಎಳೆದಾಟ. ಅವರು ಹೊರಟು ಹೋಗಿ ಕಣ್ಣು ಹತ್ತುವಷ್ಟರಲ್ಲಿ ಕಸ ಗುಡಿಸುವವರು ಬಾಗಿಲು ಬಡಿಯುತ್ತಾರೆ. ವಾರದ ದಿನ ಮಧ್ಯಾಹ್ನದ ಊಟವಿಲ್ಲ. ಆ ಬೇಸಿಗೆಯಲ್ಲಿ ಕಟ್ಟಡದ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರನ್ನು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಡುತ್ತಿದ್ದರು. ನೀರಿಗೆ ಎದ್ದರೆ ನಿದ್ದೆಯಿಲ್ಲ, ನಿದ್ದೆ ಮಾಡಿದರೆ ಸ್ನಾನವಿಲ್ಲ.

ಬೆಂಗಳೂರಿಗೆ ಕಾವೇರಿಯನ್ನು ಪಂಪ್ ಮಾಡುವ ತೊರೆಕಾಡನಹಳ್ಳಿ ಇರುವುದು ಇವನದೇ ತಾಲ್ಲೂಕಿನಲ್ಲಿ. ಇವನಿದ್ದ ಬಡಾವಣೆ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲೊಂದು. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಊರ ಪಕ್ಕದಿಂದ ಹೋಗುವ ನೀರು ಅವನ ನಲ್ಲಿಗೆ ಆಗಿನ್ನೂ ಬಂದಿರಲಿಲ್ಲ. ಇದನ್ನು ಹೇಳುವಾಗ ಅವನ ಕಣ್ಣು ತುಂಬಿತು.

ಹಾಳೆ ಮಡಿಸಿಟ್ಟ ಮೇಲೆ ದುಡ್ಡಿನ ಮಾತು ಬಂತು. ಕೈಗೆ ಬರುವುದು 19,000. ಪಿಜಿಗೆ 8,000, ಊರಿಗೆ 6,000, ಪಿಜಿ ಅಡ್ವಾನ್ಸ್ ಕಟ್ಟಲು ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲದ ಕಂತು ಬೇರೆ. ಅಪ್ಪನಿಗೆ ಮಾತ್ರ ಸಂಬಳ 28,000 ಅಂತ ಹೇಳಿಬಿಟ್ಟಿದ್ದ. ಅಪ್ಪ ಅದನ್ನು ಅರಳಿಕಟ್ಟೆಯಲ್ಲಿ ಹತ್ತು ಜನಕ್ಕೆ ಹೇಳಿಕೊಂಡಿದ್ದರು. ಫೋನಿನಲ್ಲಿ ಅವ್ವ ಕೇಳಿದಾಗೆಲ್ಲ, "ಉಂಡೆ ಕನವ್ವ, ಚೆನ್ನಾಗಿವ್ನಿ."

ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ, ಹಾಗಾಗುವುದಿಲ್ಲ, ಕೇಳಲೇಬೇಕು. "ಸಾಯೋದಲ್ಲ ಮೇಡಂ. ಎಲ್ಲಾದ್ರೂ ಹತ್ತು ದಿನ ಸುಮ್ನೆ ಮಲಗ್ಬೇಕು" ಅಂದ.

ಹಾಗಾಗಿ ಸಲಹೆ ನಿದ್ದೆಯಿಂದಲೇ ಶುರುವಾಯಿತು. ಅದೇ ಪಿಜಿಯಲ್ಲಿ ರಾತ್ರಿ ಪಾಳಿಯವರನ್ನು ಹುಡುಕಿ, ಎಲ್ಲರೂ ಒಂದೇ ಕೋಣೆ ಕೇಳಿ. ಹಗಲು ಬಾಗಿಲು ಬಡಿಯದಂತೆ ಮಾಲೀಕರ ಹತ್ತಿರ ಮಾತಾಡಿಕೊಳ್ಳಿ ಅಂದೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ. ಪಾಳಿಯ ಕೊನೆ ಹೊತ್ತಿನಲ್ಲಿ ಕಾಫಿ ಬೇಡ. ಎದೆ ಬಡಿತಕ್ಕೂ ತೂಕ ಇಳಿದದ್ದಕ್ಕೂ ಥೈರಾಯ್ಡ್, ರಕ್ತಹೀನತೆಯೂ ಕಾರಣವಿರಬಹುದೆಂದು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದೆ. ನಡುರಾತ್ರಿ ತಡೆಯಲಾಗದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್: ಉಚಿತ, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡಿಸಿಬಿಡಲೇ ಎಂದು ತಾಯಿ ಕೇಳಿದರು; ದಿನಾ ಇಲ್ಲಿಂದಲೇ ರೈಲಲ್ಲಿ ಓಡಾಡಲಿ ಅಂದರು. ರಾತ್ರಿ ಪಾಳಿಯವನು ಹೋಗಿಬರುವುದಕ್ಕೇ ಇನ್ನೂರು ಕಿಲೋಮೀಟರ್ ಓಡಾಡಿದರೆ ಮಲಗುವುದು ಯಾವಾಗ? ಬೇಡ ಅಂದೆ. ಕೆಲಸ ಬಿಡುವ ತೀರ್ಮಾನವನ್ನೂ ನಿದ್ದೆಗೆಟ್ಟ ತಲೆಯಲ್ಲಿ ಮಾಡಬಾರದು, ಆರು ವಾರ ತಡೆಯೋಣ ಎಂದೆ.

ಕಷ್ಟವಾದದ್ದು ಸಂಬಳದ ನಿಜ ಹೇಳಿಸುವುದು. ನಾನೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಅದು ಅವನ ಬಾಯಿಂದಲೇ ಬರಬೇಕು. ಐದನೇ ಭೇಟಿಯಲ್ಲಿ ತಾಯಿಯ ಮುಂದೆ ಹೇಳಿದ, ತಲೆ ಎತ್ತದೆ. ಆಕೆ ತುಸು ಹೊತ್ತು ಸುಮ್ಮನಿದ್ದು, "ಆರು ಸಾವ್ರ ಕಳುಸ್ತಿದ್ದಲ್ಲೋ ಮಗ, ನೀನೇನ್ ತಿಂತಿದ್ದೆ?" ಅಂದರು. ಸಾಲ ತೀರುವವರೆಗೆ ಊರಿಗೆ ಎರಡು ಸಾವಿರ ಸಾಕು ಎಂದು ಅಲ್ಲೇ ಒಪ್ಪಂದವಾಯಿತು.

ಜೂನ್‌ನಲ್ಲಿ ಕೋಣೆ ಬದಲಾಯಿತು. ಪರೀಕ್ಷೆಯಲ್ಲಿ ರಕ್ತ ಕಡಿಮೆಯಿದೆ ಎಂದು ಬಂದು, ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಈಗ ಐದಾರು ಗಂಟೆ ನಿದ್ದೆ ಬರುತ್ತಿದೆ. ಭಾನುವಾರದ ಎದೆ ಬಡಿತ ಪೂರ್ತಿ ಹೋಗಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ.