ಫ್ರಿಜ್ ಮೇಲಿನ ಪಟ್ಟಿಯಲ್ಲಿ ನಿನ್ನ ಹೆಸರೂ ಇರುತ್ತೆ

ತಮ್ಮಾ, ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಸ್ಟೂಡೆಂಟ್ ಹಾಸ್ಟೆಲ್ ರೂಮು ಸಿಕ್ಕಿತು ಅಂತ ಓದಿ ನಿಜಕ್ಕೂ ಖುಷಿಯಾಯ್ತು. "ನಾಲ್ಕು ಜನಕ್ಕೆ ಒಂದೇ ಅಡುಗೆಮನೆ, ಒಂದೇ ಬಾತ್‌ರೂಮು ಅಂತ ಬರೆದಿದ್ದಾರೆ. ಕ್ಲೀನ್ ಮಾಡೋಕೆ ಯಾರಾದ್ರೂ ಬರ್ತಾರಾ ಅಕ್ಕಾ? ರೂಲ್ಸ್ ತುಂಬಾ ಸ್ಟ್ರಿಕ್ಟಾ?" ಅಂತ ಕೇಳಿದ್ದೀಯ.

ಯಾರೂ ಬರಲ್ಲ. ನಿಮ್ಮ ಬಾಗಿಲಿನೊಳಗಿನ ಒಲೆ, ಸಿಂಕು, ಕಮೋಡು ಎಲ್ಲ ನಿಮ್ಮ ನಾಲ್ವರದ್ದೇ ಕೆಲಸ. ಫ್ರಿಜ್ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿರ್ತಾರೆ, 'ಪುಟ್ಸ್‌ಪ್ಲಾನ್' ಅಂತಾರೆ. ಈ ವಾರ ಅಡುಗೆಮನೆ ಯಾರದು, ಬಾತ್‌ರೂಮು ಯಾರದು, ಕಸ ಯಾರದು ಅಂತ ಅದರಲ್ಲಿರುತ್ತೆ. ಕಾಂಟ್ರಾಕ್ಟಿನ ಅಷ್ಟೂ ಪುಟಗಳಿಗಿಂತ ಈ ಒಂದು ಹಾಳೆಯನ್ನೇ ನೀನು ಹೆಚ್ಚು ಗಮನದಲ್ಲಿ ಇಟ್ಟುಕೋಬೇಕು.

ನಾನು ಡ್ರೆಸ್ಡೆನ್‌ಗೆ ಓದೋಕೆ ಬಂದ ಮೊದಲ ಚಳಿಗಾಲ, ಪರೀಕ್ಷೆ ಅಂತ ಎರಡು ಸಲ ನನ್ನ ಸರದಿ ತಪ್ಪಿಸಿದೆ. ಮುಂದಿನ ವಾರ ಎಲ್ಲ ಸೇರಿಸಿ ಮಾಡಿದರಾಯ್ತು ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಪಕ್ಕದ ರೂಮಿನ ಜರ್ಮನ್ ಹುಡುಗಿ ನನ್ನ ಮುಂದೆ ನಿಂತು, "ಬಾತ್‌ರೂಮು ನಿನ್ನ ಸರದಿ, ಎರಡು ಸಲ ಆಗಿಲ್ಲ, ಇವತ್ತು ಮಾಡ್ತೀಯಾ?" ಅಂತ ನೇರವಾಗಿ ಕೇಳಿದಳು. ಅವಮಾನ ಆದ ಹಾಗಾಗಿ ರೂಮಿನಲ್ಲಿ ಕೂತು ಅತ್ತೆ. ಸಂಜೆ ಬಾತ್‌ರೂಮು ಉಜ್ಜಿ ಹೊರಗೆ ಬಂದರೆ ಅವಳೇ ಚಹಾ ಮಾಡಿಕೊಂಡು ನನ್ನನ್ನ ಕರೆದಳು. ಬೆಳಗಿನ ಮಾತು ಅವಳ ಮನಸ್ಸಲ್ಲೇ ಇರಲಿಲ್ಲ. ನಾವು ಹೇಳದೆ ಒಳಗೊಳಗೇ ಮುನಿಸು ಬೆಳೆಸ್ತೀವಿ, ಅವಳು ಹೇಳಿ ಮುಗಿಸಿದಳು. ನಿನಗೂ ಯಾರಾದರೂ ಹೀಗೆ ಹೇಳಿದರೆ ಬೇಜಾರು ಮಾಡ್ಕೋಬೇಡ. ನಿನಗೆ ತೊಂದರೆಯಾದಾಗ ನೀನೂ ಹಾಗೇ ಹೇಳು. ಪರೀಕ್ಷೆ ಇದ್ದರೆ ಮೊದಲೇ ಕೇಳಿ ಸರದಿ ಬದಲಾಯಿಸಿಕೋ, ಯಾರೂ ಇಲ್ಲ ಅನ್ನಲ್ಲ.

ಇನ್ನು ನಮ್ಮ ಅಡುಗೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಕಿಟಕಿ ತೆಗಿ, ಅಡುಗೆಮನೆ ಬಾಗಿಲು ಹಾಕು. ಘಾಟು ಹೋಗಲಿ ಅಂತ ಬಾಗಿಲನ್ನ ಕಾರಿಡಾರಿನ ಕಡೆ ತೆಗೆದರೆ ಅಲ್ಲಿನ ಹೊಗೆ ಅಲಾರಂ ಕೂಗುತ್ತೆ. ಕೆಲವು ಕಟ್ಟಡಗಳಲ್ಲಿ ಅದು ನೇರ ಅಗ್ನಿಶಾಮಕ ದಳಕ್ಕೆ ಹೋಗುತ್ತೆ, ಅವರು ಬಂದ ಖರ್ಚು ನಿನ್ನ ತಲೆಗೆ ಬರಬಹುದು. ಅಲಾರಮ್ಮಿಗೆ ಪ್ಲಾಸ್ಟಿಕ್ ಕಟ್ಟಿ ಮುಚ್ಚುವವರನ್ನ ನೋಡಿದ್ದೀನಿ. ದಯವಿಟ್ಟು ಅದೊಂದು ಮಾಡಬೇಡ, ರಾತ್ರಿ ನಾಲ್ಕು ಜನ ಮಲಗಿರೋದು ಅದನ್ನ ನಂಬಿ.

ಚಳಿಗಾಲದಲ್ಲಿ ರೂಮಿನೊಳಗೆ ಬಟ್ಟೆ ಒಣಗಿಸಿ ಕಿಟಕಿ ಮುಚ್ಚಿಟ್ಟರೆ ಗೋಡೆಗೆ ಬೂಷ್ಟು ಹಿಡಿಯುತ್ತೆ, ಅದನ್ನ ತೆಗೆಸಿದ ದುಡ್ಡು ಡೆಪಾಸಿಟ್‌ನಿಂದ ಹೋಗಬಹುದು. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಆಡೋಕೆ ಬಿಡು.

ಕಸದ ಡಬ್ಬಿಗಳ ಬಣ್ಣ ಮೊದಲ ದಿನವೇ ಫ್ಲಾಟ್‌ಮೇಟ್ ಹತ್ತಿರ ಕೇಳಿಕೋ: ಸಾಮಾನ್ಯವಾಗಿ ನೀಲಿಗೆ ಕಾಗದ, ಹಳದಿಗೆ ಪ್ಯಾಕಿಂಗ್, ಕಂದು ಬಣ್ಣದ್ದಕ್ಕೆ ತರಕಾರಿ ಸಿಪ್ಪೆ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೀಬೇಡ, ಅಂಗಡಿ ಮಷೀನಿಗೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತೆ. ಗಾಜನ್ನ ಭಾನುವಾರ ಡಬ್ಬಿಗೆ ಹಾಕಬಾರದು, ಸದ್ದಾಗುತ್ತೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೌನ. ಊರಲ್ಲಿ ಬೆಳಗ್ಗೆ ಒಂಬತ್ತೂವರೆ ಅಂದ್ರೆ ಚಳಿಗಾಲದಲ್ಲಿ ಇಲ್ಲಿ ಐದು ಗಂಟೆ. ಅಮ್ಮ ಆ ಹೊತ್ತಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಬೇಡ, ಗೋಡೆ ತೆಳು.

ಟಿವಿ, ರೇಡಿಯೋ ಶುಲ್ಕ ತಿಂಗಳಿಗೆ 18.36 ಯೂರೋ. ನಿನ್ನ ಹತ್ತಿರ ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ತಲೆಗಲ್ಲ, ಮನೆಗೆ. ನಿಮ್ಮ ಹಾಗೆ ಒಂದೇ ಬಾಗಿಲಿನೊಳಗೆ ನಾಲ್ಕು ರೂಮಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಪಾಲು ಕೊಡ್ತಾರೆ. ನಿನ್ನ ಹೆಸರಿಗೆ ಕಾಗದ ಬಂದಾಗ ಕಟ್ಟುವವರ ಶುಲ್ಕದ ಖಾತೆ ನಂಬರ್ ಬರೆದು ಉತ್ತರ ಕಳಿಸು, ಸುಮ್ಮನಿದ್ದರೆ ಬಾಕಿ ಬೆಳೆಯುತ್ತೆ.

ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಹಾಸ್ಟೆಲಿನವರ ಸಹಿ ಇರುವ ಕಾಗದ ಬೇಕು, ಕೀಲಿ ಇಸ್ಕೊಳ್ಳುವಾಗಲೇ ಕೇಳು. ಅವತ್ತೇ ರೂಮಿನ ಗೀರು, ಕಲೆ, ಒಡೆದ ಹಿಡಿ ಎಲ್ಲದರ ಫೋಟೋ ತೆಗೆದು ಅವರಿಗೆ ಇಮೇಲ್ ಮಾಡು. ಮತ್ತೆ ಹೊರಡೋಕೆ ಇನ್ನೂ ಸಮಯ ಇದೆಯಲ್ಲ, ಅಲ್ಲಿಯವರೆಗೆ ಮನೆಯಲ್ಲಿ ವಾರಕ್ಕೊಮ್ಮೆ ಬಾತ್‌ರೂಮು ನೀನೇ ತೊಳೆ, ರಾತ್ರಿ ಪಾತ್ರೆಗಳನ್ನ ಅಮ್ಮನಿಗೆ ಬಿಡಬೇಡ.