ಹಿತ್ತಲಲ್ಲಿ ಕ್ಯಾಬಿನ್, ಶೆಡ್ ಹಾಕೋಕೆ ಪರ್ಮಿಷನ್ ಬೇಕಾ? ಇಂಗ್ಲೆಂಡ್ ಕನ್ನಡಿಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಗಾರ್ಡನ್ ಕ್ಯಾಬಿನ್ ಬಗ್ಗೆನೇ ಇದಾವೆ, ಹಂಗಾಗಿ ಒಟ್ಟಿಗೇ ಬರೀತಿದೀನಿ. ಇಲ್ಲಿ ಹೇಳ್ತಿರೋದೆಲ್ಲ ಇಂಗ್ಲೆಂಡ್ ರೂಲ್ಸ್ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡಲ್ಲಿ ಕಾನೂನು ಬೇರೆ, ಅಲ್ಲಿರೋರು ಈ ಅಳತೆ ನೋಡ್ಕೊಂಡು ಆರ್ಡರ್ ಕೊಟ್ಬಿಡ್ಬೇಡಿ.

ಪ್ರಶ್ನೆ: ನಾವು ರೆಡಿಂಗ್‌ನಲ್ಲಿ ಮೂರು ಬೆಡ್‌ರೂಮಿನ ಸೆಮಿ ಡಿಟ್ಯಾಚ್ಡ್ ಮನೇಲಿದೀವಿ. ಪ್ರತಿ ಬೇಸಿಗೆ ಮೈಸೂರಿಂದ ಅಪ್ಪ ಅಮ್ಮ ಬಂದು ಐದಾರು ತಿಂಗಳು ಇರ್ತಾರೆ, ಮಕ್ಕಳು ದೊಡ್ಡವರಾದ್ರು, ಜಾಗ ಸಾಲ್ತಿಲ್ಲ. ಒಂದು ರೂಮ್ ನನ್ನ ಆಫೀಸೇ ಆಗೋಗಿದೆ. ಹಿಂದೆ 5 ಮೀಟರ್‌ಗೆ 4 ಮೀಟರ್ ಮರದ ಕ್ಯಾಬಿನ್ ಹಾಕ್ಸಿ, ಮಂಚ, ಟಾಯ್ಲೆಟ್, ಚಿಕ್ಕದೊಂದು ಅಡುಗೆ ಕಟ್ಟೆ ಇಡೋಣ ಅಂತ. ಮಾರೋರು "2.5 ಮೀಟರ್ ಒಳಗಿದೆ, ಪ್ಲಾನಿಂಗ್ ಪರ್ಮಿಷನ್ ಬೇಡವೇ ಬೇಡ" ಅಂತಿದಾರೆ. ನಂಬ್ಬೋದಾ ಸರ್?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ನೀವು ಮಂಚ ಅಂದಿದ್ದನ್ನ ಅವರು ಕಿವಿಗೆ ಹಾಕ್ಕೊಂಡಿಲ್ಲ. ಅವರಿಗೆ ಡಬ್ಬ ಮಾರಿದ್ರಾಯ್ತು, ಒಳಗೆ ಏನ್ ಮಾಡ್ತೀರಿ ಅನ್ನೋದು ಅವರ ತಲೆನೋವಲ್ಲ. ಕೌನ್ಸಿಲ್ ಮೊದಲು ಕೇಳೋದು ಅದನ್ನೇ.

2015ರ ಪರ್ಮಿಟೆಡ್ ಡೆವಲಪ್‌ಮೆಂಟ್ ಆರ್ಡರ್‌ನಲ್ಲಿ ಕ್ಲಾಸ್ ಇ ಅಂತ ಒಂದು ಭಾಗ ಇದೆ, ಹಿತ್ತಲ ಶೆಡ್, ಸಮ್ಮರ್ ಹೌಸ್, ಗಾರ್ಡನ್ ಆಫೀಸ್, ಜಿಮ್ ಎಲ್ಲ ಅರ್ಜಿ ಇಲ್ದೇ ಕಟ್ಬೋದು ಅನ್ನೋದು ಅಲ್ಲಿಂದಾನೇ ಬಂದಿದ್ದು. ಷರತ್ತುಗಳು ಇವು: ಒಂದೇ ಅಂತಸ್ತು ಇರ್ಬೇಕು, ಮನೆಯ ಮುಂಭಾಗದ ಗೋಡೆಯಿಂದ ಮುಂದಕ್ಕೆ ಬರಬಾರ್ದು, ಸೂರಿನ (ಗೋಡೆ ಮೇಲೆ ಚಾವಣಿ ಶುರುವಾಗೋ ಅಂಚಿನ) ಎತ್ತರ 2.5 ಮೀಟರ್ ದಾಟಬಾರ್ದು, ಮೂಲ ಮನೆ ನಿಂತಿರೋ ಜಾಗ ಬಿಟ್ಟು ಉಳಿದ ಸೈಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರ್ದು (ಹಿಂದಿನ ಓನರ್ ಮಾಡಿಸಿದ ಎಕ್ಸ್‌ಟೆನ್ಷನ್ನೂ ಈ ಲೆಕ್ಕಕ್ಕೆ ಬರತ್ತೆ, ಇದನ್ನ ತುಂಬಾ ಜನ ಮರೀತಾರೆ). ಇದೆಲ್ಲ ನಿಮ್ಮ ಕ್ಯಾಬಿನ್‌ಗೆ ಸರಿಹೋಗ್ಬೋದು. ಸಿಕ್ಕಿಹಾಕ್ಕೊಳ್ಳೋದು ಉಪಯೋಗದ ಷರತ್ತಲ್ಲಿ. ಕಟ್ಟಿದ್ದು ಮನೆಯ ಬಳಕೆಗೆ ಪೂರಕವಾಗಿರ್ಬೇಕು, ಅಂದ್ರೆ ಹವ್ಯಾಸ, ಕೆಲಸ, ಸಾಮಾನು ಇಡೋದು, ಇಂಥದ್ದು. ಮಲಗೋದು, ಅಡುಗೆ ಮಾಡೋದು, ಸಂಸಾರ ನಡೆಸೋದು ಪೂರಕ ಅಲ್ಲ, ಅದೇ ವಾಸ. ಟಾಯ್ಲೆಟ್ ಒಂದಿದ್ದ ಮಾತ್ರಕ್ಕೆ ಏನೂ ಆಗಲ್ಲ, ಆದ್ರೆ ಮಂಚ, ಟಾಯ್ಲೆಟ್, ಸ್ಟವ್ ಮೂರೂ ಸೇರಿದ್ರೆ ಅದು ಶೆಡ್ ಅಂತ ಯಾರೂ ಒಪ್ಪಲ್ಲ.

ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆ ಲೆಕ್ಕ, ಪ್ಲಾನಿಂಗ್ ಜೊತೆ ಕಲಸ್ಬೇಡಿ. 15 ಚದರ ಮೀಟರ್ ಒಳಗಿದ್ದು ಒಳಗೆ ಯಾರೂ ಮಲಗಲ್ಲ ಅಂದ್ರೆ ವಿನಾಯ್ತಿ ಇದೆ. 15ರಿಂದ 30 ಇದ್ರೆ ಬೌಂಡರಿಯಿಂದ ಕನಿಷ್ಠ 1 ಮೀಟರ್ ದೂರ ಇರ್ಬೇಕು ಇಲ್ಲಾ ಹೆಚ್ಚೂಕಮ್ಮಿ ಪೂರ್ತಿ ಬೆಂಕಿ ಹಿಡೀದಿರೋ ಸಾಮಾನಲ್ಲಿ ಕಟ್ಟಿರ್ಬೇಕು, ಆಗ್ಲೂ ಮಲಗೋ ಹಾಗಿಲ್ಲ. ನಿಮ್ಮದು 20, ಮರದ್ದು, ಮಂಚ ಬೇರೆ ಇದೆ, ಅಂದ್ಮೇಲೆ ಇನ್ಸುಲೇಷನ್, ಫೈರ್ ಸೇಫ್ಟಿ, ಡ್ರೈನೇಜ್ ಎಲ್ಲ ಇನ್‌ಸ್ಪೆಕ್ಷನ್‌ಗೆ ಬರತ್ತೆ. ಮನೆಯಿಂದ ಕರೆಂಟ್ ಎಳೆದ್ರೆ, ಶೆಡ್ ಎಷ್ಟೇ ಪುಟ್ಟದಾಗಿದ್ರೂ ಪಾರ್ಟ್ ಪಿ (ಮನೆ ವೈರಿಂಗ್ ಸುರಕ್ಷತೆಯ) ರೂಲ್ಸ್ ಪಾಲಿಸ್ಬೇಕು, ರಿಜಿಸ್ಟರ್ಡ್ ಎಲೆಕ್ಟ್ರಿಷಿಯನ್‌ನೇ ಕರೀರಿ.

ದಾರಿ ಇಲ್ವಾ ಅಂದ್ರೆ ಇದೆ. ಆನೆಕ್ಸ್ (ಮನೆಗೆ ಸೇರಿದ ವಾಸದ ಕಟ್ಟಡ) ಅಂತ ನೇರವಾಗಿ ಪ್ಲಾನಿಂಗ್ ಅರ್ಜಿ ಹಾಕಿ, ಮಾಮೂಲಿ ಎಂಟು ವಾರದಲ್ಲಿ ತೀರ್ಮಾನ ಬರ್ಬೇಕು, ಕೊಟ್ರೆ ಸಾಮಾನ್ಯವಾಗಿ "ಮೂಲ ಮನೆಯವರೇ ಬಳಸ್ಬೇಕು, ಬಾಡಿಗೆಗೆ ಕೊಡಬಾರ್ದು" ಅಂತ ಒಂದು ಕಂಡಿಷನ್ ಹಾಕ್ತಾರೆ. ಎಲ್ಲ ಸೌಕರ್ಯ ಒಳಗೇ ಇದ್ರೆ ಬೇರೆ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ ಬೀಳೋ ಸಾಧ್ಯತೆನೂ ಇದೆ, ಕೇಳ್ಕೊಳ್ಳಿ. ಇನ್ನೊಂದು, ಮೊಬೈಲ್ ಹೋಮ್. ಕಾನೂನಿನ ಪ್ರಕಾರ ಅದು ಕಟ್ಟಡ ಅಲ್ಲ, ಕ್ಯಾರವಾನ್. ಉದ್ದ 20 ಮೀಟರ್, ಅಗಲ 6.8, ಒಳಗಿನ ಎತ್ತರ 3.05 ದಾಟದೇ, ಎರಡಕ್ಕಿಂತ ಹೆಚ್ಚು ಭಾಗ ಇಲ್ದೇ, ಸಾಗಿಸೋಕೆ ಬರೋ ಹಾಗಿದ್ರೆ, ಮನೆಯವರೇ ಮನೆಗೆ ಅಂಟಿಕೊಂಡ ಹಾಗೆ ಬಳಸಿದ್ರೆ ಪರ್ಮಿಷನ್ ಇಲ್ದೇನೂ ನಿಲ್ಲಿಸ್ಬೋದು. ಆದ್ರೆ ಇದರಲ್ಲಿ ವಾದ ವಿವಾದ ಜಾಸ್ತಿ, ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ (ಇದು ಕಾನೂನುಬದ್ಧ ಅಂತ ಕೌನ್ಸಿಲ್ ಕೊಡೋ ಪತ್ರ) ತಗೊಳ್ದೇ ದುಡ್ಡು ಸುರೀಬೇಡಿ.

ನನ್ನ ಕೇಳಿದ್ರೆ ಎರಡೂ ಬೇಡ. ಒಂದು ರೂಮ್ ಆಫೀಸ್ ಆಗಿದೆ ಅಂತ ನೀವೇ ಬರ್ದಿದೀರಲ್ಲ, ಆ ಆಫೀಸನ್ನ ಕ್ಯಾಬಿನ್‌ಗೆ ಕಳಿಸಿ, ಅಪ್ಪ ಅಮ್ಮನ್ನ ಒಳಗೆ ಮಲಗಿಸಿ. ಗಾರ್ಡನ್ ಆಫೀಸ್‌ಗೆ ಕ್ಲಾಸ್ ಇ ಸಾಕು. ವಯಸ್ಸಾದೋರು ಅಕ್ಟೋಬರ್ ಮಳೇಲಿ, ರಾತ್ರಿ ಮಾತ್ರೆ ನುಂಗೋಕೆ ಬಿಸಿನೀರು ಬೇಕು ಅಂತ ಹುಲ್ಲಿನ ಮೇಲೆ ನಡ್ಕೊಂಡು ಮನೆಗೆ ಬರೋದು ಯಾವ ಸುಖ ಹೇಳಿ.

ಪ್ರಶ್ನೆ: ನಮ್ಮ ಗಾರ್ಡನ್ ಇಳಿಜಾರು. ಫೆನ್ಸ್ ಪಕ್ಕಕ್ಕೇ ಶೆಡ್ ಹಾಕೋ ಪ್ಲಾನ್. ಎತ್ತರ ಎಲ್ಲಿಂದ ಅಳೀಬೇಕು? ಮಿಲ್ಟನ್ ಕೀನ್ಸ್‌ನಿಂದ.

ಉತ್ತರ: ಶೆಡ್‌ಗೆ ತಾಗಿಕೊಂಡಿರೋ ಸಹಜ ನೆಲದಲ್ಲಿ ಯಾವ ಕಡೆ ಹೆಚ್ಚು ಎತ್ತರ ಇದ್ಯೋ ಅಲ್ಲಿಂದ. ಇಳಿಜಾರಿರೋರಿಗೆ ಇದು ಲಾಭವೇ. ಬೌಂಡರಿಯಿಂದ 2 ಮೀಟರ್ ಒಳಗೆ ಶೆಡ್‌ನ ಯಾವ ಮೂಲೆ ಬಂದ್ರೂ ಇಡೀ ಶೆಡ್ಡಿನ ಎತ್ತರ 2.5 ಮೀಟರ್ ಮೀರೋ ಹಾಗಿಲ್ಲ. 2 ಮೀಟರ್ ಆಚೆ ಹೋದ್ರೆ ಎರಡು ಕಡೆ ಇಳಿಜಾರಿನ ಚಾವಣಿಗೆ 4 ಮೀಟರ್, ಬೇರೆ ಥರದ್ದಕ್ಕೆ 3 ಮೀಟರ್. ಜನ ಎಡವೋದು ಕಾಂಕ್ರೀಟ್ ಬೆಡ್ ವಿಷಯದಲ್ಲಿ: ಕ್ಯಾಟಲಾಗಲ್ಲಿ 2.48 ಅಂತ ಇರತ್ತೆ, ಕೆಳಗೆ ಹದಿನೈದು ಸೆಂಟಿಮೀಟರ್ ಬೆಡ್ ಹಾಕ್ತಾರೆ, ಅಳತೆ ನೆಲದಿಂದ ಅಲ್ವಾ, ಆಯ್ತಲ್ಲ 2.63. ಮುಂದೆ ಡೆಕ್ಕಿಂಗ್ ಬೇಕು ಅಂದ್ರೆ 30 ಸೆಂಟಿಮೀಟರ್ ಒಳಗಿರ್ಲಿ, ವರಾಂಡ, ಬಾಲ್ಕನಿ ಕ್ಲಾಸ್ ಇ ಒಳಗೆ ಬರಲ್ಲ.

ಪ್ರಶ್ನೆ: ಹಿತ್ತಲ ಕ್ಯಾಬಿನ್‌ನಲ್ಲಿ ಭರತನಾಟ್ಯ ಕ್ಲಾಸ್ ಶುರು ಮಾಡ್ಬೋದಾ? ಸದ್ಯಕ್ಕೆ ಶನಿವಾರ ನಾಲ್ಕೈದು ಮಕ್ಕಳು ಬರ್ತಾರೆ.

ಉತ್ತರ: ಇಷ್ಟು ಮಕ್ಕಳಿಗೆ ಪರ್ಮಿಷನ್ ಬೇಡ, ಇಷ್ಟಾದ್ರೆ ಬೇಕು ಅಂತ ಕಾನೂನಲ್ಲಿ ನಂಬರ್ ಇಲ್ಲ ಮೇಡಂ. ನೋಡೋದು ಮನೆ ಮನೆಯಾಗೇ ಉಳಿದಿದ್ಯಾ ಅಥವಾ ಅದರ ಸ್ವಭಾವನೇ ಬದಲಾಗಿದ್ಯಾ ಅನ್ನೋದನ್ನ. ವಾರಕ್ಕೊಂದು ದಿನ ನಾಲ್ಕೈದು ಮಕ್ಕಳು ಬಂದು ಹೋಗೋದ್ರಲ್ಲಿ ಯಾರಿಗೂ ಆಕ್ಷೇಪ ಇರಲ್ಲ. ಅದೇ ದಿನಾ ಸಂಜೆ ಎರಡು ಬ್ಯಾಚ್, ಡ್ರಾಪ್ ಮಾಡೋಕೆ ಬಂದ ಕಾರುಗಳು ಪಕ್ಕದ ಮನೆ ಗೇಟಿಗೆ ಅಡ್ಡ, ಮರದ ನೆಲದ ಮೇಲೆ ತಟ್ಟುಮೆಟ್ಟು, ಜೊತೆಗೆ ನಟ್ಟುವಾಂಗ, ಇಷ್ಟಾದ್ರೆ ಚೇಂಜ್ ಆಫ್ ಯೂಸ್ ಅಂತ ಕೌನ್ಸಿಲ್ ಪತ್ರ ಬರತ್ತೆ, ಬರೋದೂ ನ್ಯಾಯವೇ. ಕ್ಲಾಸ್ ಬೆಳೆದ್ರೆ ಚರ್ಚ್ ಹಾಲ್ ಅಥವಾ ಸ್ಕೂಲ್ ಹಾಲ್ ಬಾಡಿಗೆಗೆ ಹಿಡೀರಿ.

ಪ್ರಶ್ನೆ: ಸ್ಲೌನಲ್ಲಿ ಮನೆ ತಗೊಳ್ತಿದೀವಿ. ಹಿಂದೆ 2018ರಲ್ಲಿ ಕಟ್ಟಿದ ದೊಡ್ಡ ಔಟ್‌ಬಿಲ್ಡಿಂಗ್ ಇದೆ, ಪರ್ಮಿಷನ್ ಪೇಪರ್ ಇಲ್ಲ. ಓನರ್ "ನಾಲ್ಕು ವರ್ಷ ದಾಟಿದೆ, ಯಾರೂ ಏನೂ ಮಾಡಕ್ಕಾಗಲ್ಲ" ಅಂತಾರೆ.

ಉತ್ತರ: ಗೋಡೆ, ಚಾವಣಿ ಮಟ್ಟಿಗೆ ಅವರು ಹೇಳಿದ್ದು ಬಹುತೇಕ ಸರಿ. ಇಂಗ್ಲೆಂಡಲ್ಲಿ 2024ರ ಏಪ್ರಿಲ್ 25ರಿಂದ, ಪರ್ಮಿಷನ್ ಇಲ್ದೇ ಮಾಡಿದ್ದರ ಮೇಲೆ ಕೌನ್ಸಿಲ್ ಕ್ರಮ ತಗೊಳ್ಳೋಕೆ, ಎಲ್ಲಕ್ಕೂ ಹತ್ತು ವರ್ಷದ ಮಿತಿ ಬಂತು, ಆದ್ರೆ ಅದಕ್ಕೆ ಮೊದಲೇ ಕಟ್ಟಿ ಮುಗಿದಿದ್ದಕ್ಕೆ ಹಳೇ ನಾಲ್ಕು ವರ್ಷನೇ. ಹಾಗಂತ ಬಳಕೆಗೂ ರಕ್ಷಣೆ ಸಿಕ್ತು ಅಂತಲ್ಲ. ಮೊದಲು ಅದರಲ್ಲಿ ಯಾರಾದ್ರೂ ಬಾಡಿಗೆಗೆ ಇದ್ರಾ ಕೇಳಿ. ಶೆಡ್ಡಲ್ಲಿ ಮಂಚ ಹಾಕಿ ಬಾಡಿಗೆ ವಸೂಲಿ ಮಾಡೋ ದಂಧೆ ಹಿಡಿಯೋಕೆ 2013ರಲ್ಲಿ ಸ್ಲೌ ಕೌನ್ಸಿಲ್ ಥರ್ಮಲ್ ಕ್ಯಾಮೆರಾ ಇರೋ ವಿಮಾನನೇ ಹಾರಿಸಿತ್ತು, ಬೆಚ್ಚಗಿರೋ ಶೆಡ್ ಯಾವ್ದು ಅಂತ ಮೇಲಿಂದ ನೋಡೋಕೆ. ಆ ಊರಲ್ಲಿ ಇದನ್ನ ಹಗುರವಾಗಿ ತಗೊಳ್ಳಲ್ಲ.

ಮುಚ್ಚಿಟ್ಟಿದ್ರೆ ವರ್ಷದ ಲೆಕ್ಕನೂ ಉಪಯೋಗಕ್ಕೆ ಬರಲ್ಲ. ಸರ್ರೆಯಲ್ಲಿ ಒಬ್ಬ ರೈತ ಹುಲ್ಲಿನ ಬೇಲ್‌ಗಳ ಹಿಂದೆ ಕೋಟೆ ಥರದ ಮನೆ ಕಟ್ಟಿ, ಅದರೊಳಗೇ ನಾಲ್ಕು ವರ್ಷ ಕಳೆದು, 2006ರಲ್ಲಿ ಹುಲ್ಲು ತೆಗೆದು ತೋರಿಸ್ದ. ಕೋರ್ಟುಗಳು ಒಪ್ಲಿಲ್ಲ, 2016ರಲ್ಲಿ ಅವನೇ ಕೆಡವಬೇಕಾಯ್ತು. ಅಕ್ರಮ ಸಕ್ರಮ ಬರತ್ತೆ ಬಿಡಿ ಅಂತ ನಮ್ಮೂರಲ್ಲಿ ಕಾಯ್ತೀವಲ್ಲ, ಆ ಅಭ್ಯಾಸ ಇಲ್ಲಿ ದುಬಾರಿ. ನೀವು ಮಾಡ್ಬೇಕಾದ್ದು ಇಷ್ಟೇ: ಲಾಫುಲ್‌ನೆಸ್ ಸರ್ಟಿಫಿಕೇಟ್‌ಗೆ ಈಗಿನ ಓನರೇ, ಅವರ ಖರ್ಚಲ್ಲೇ ಅರ್ಜಿ ಹಾಕ್ಲಿ, ಅದು ಕೈಗೆ ಬರೋವರೆಗೆ ಎಕ್ಸ್‌ಚೇಂಜ್ (ಖರೀದಿ ಕರಾರು ಪಕ್ಕಾ ಮಾಡೋದು) ಮಾಡ್ಬೇಡಿ ಅಂತ ನಿಮ್ಮ ಸಾಲಿಸಿಟರ್‌ಗೆ ಹೇಳಿ.

ಪ್ರಶ್ನೆ: ಹೊಸ ಎಸ್ಟೇಟಲ್ಲಿ ನ್ಯೂ ಬಿಲ್ಡ್ ಮನೆ. ಸೈಡಲ್ಲಿ ಸೈಕಲ್ ಶೆಡ್ ಹಾಕೋಕೂ ಕೇಳ್ಬೇಕಾ?

ಉತ್ತರ: ಕೇಳ್ಬೇಕಾಗ್ಬೋದು. ಎಷ್ಟೋ ಹೊಸ ಎಸ್ಟೇಟುಗಳಿಗೆ ಪರ್ಮಿಷನ್ ಕೊಡುವಾಗ್ಲೇ ಕೌನ್ಸಿಲ್‌ನೋರು ಒಂದು ಕಂಡಿಷನ್ ಹಾಕಿ ಪರ್ಮಿಟೆಡ್ ಡೆವಲಪ್‌ಮೆಂಟ್ ಹಕ್ಕನ್ನೇ ಕಿತ್ಕೊಂಡಿರ್ತಾರೆ, ಆಗ ಮೇಲೆ ಹೇಳಿದ ಕ್ಲಾಸ್ ಇ ನಿಮಗೆ ಇಲ್ವೇ ಇಲ್ಲ. ಕೌನ್ಸಿಲ್ ವೆಬ್‌ಸೈಟಲ್ಲಿ ನಿಮ್ಮ ಎಸ್ಟೇಟಿನ ಡಿಸಿಷನ್ ನೋಟಿಸ್ ಸಿಗತ್ತೆ, ಪೂರ್ತಿ ಓದಿ. ಅದು ಸರಿಯಿದ್ರೂ ಮನೆ ಟೈಟಲ್‌ನಲ್ಲಿ ಡೆವಲಪರ್ ಹಾಕಿದ ಕವನೆಂಟ್ (ಏನು ಮಾಡಬಾರ್ದು ಅನ್ನೋ ಕರಾರು) ಬೇರೆ ಇರ್ಬೋದು, ಅದನ್ನ ಕೌನ್ಸಿಲ್ ನೋಡಲ್ಲ, ಡೆವಲಪರ್ ಅಥವಾ ಎಸ್ಟೇಟ್ ಮ್ಯಾನೇಜ್‌ಮೆಂಟ್ ಕಂಪನಿಯ ಒಪ್ಪಿಗೆ ಪ್ರತ್ಯೇಕವಾಗಿ ತಗೋಬೇಕು. ಕನ್ಸರ್ವೇಷನ್ ಏರಿಯಾದಲ್ಲಿ (ಸಂರಕ್ಷಿತ ಪ್ರದೇಶ) ಮನೆ ಸೈಡಿನ ಜಾಗಕ್ಕೆ ವಿನಾಯ್ತಿ ಇಲ್ಲ, ಲಿಸ್ಟೆಡ್ ಬಿಲ್ಡಿಂಗ್ (ಪಾರಂಪರಿಕ ಕಟ್ಟಡ) ಆದ್ರೆ ಎಲ್ಲೂ ಇಲ್ಲ, ಫ್ಲ್ಯಾಟಲ್ಲಿರೋರಿಗೆ ಕ್ಲಾಸ್ ಇ ಅನ್ವಯಿಸೋದೇ ಇಲ್ಲ. ಒಪ್ಪಿಗೆ ಸಿಕ್ಕಿದ್ರೆ ಇಮೇಲಲ್ಲೇ ಇರ್ಲಿ, ಫೋನಲ್ಲಿ "ಓಕೆ" ಅಂದಿದ್ದು ಮನೆ ಮಾರೋ ದಿನ ಲೆಕ್ಕಕ್ಕೆ ಬರಲ್ಲ.