ನೊಂದವರ ಮೇಲೆ ಇನ್ನೊಂದು ಹೊರೆಯೇ?

ಸಹೋದರಿ,

ನಿಮ್ಮ ಕಾಗದ ತಲುಪಿತು. ವಿಚ್ಛೇದನದ ನಂತರ ಮನೆಯವರೆಲ್ಲ ಸೇರಿದ್ದಾಗ ನಿಮ್ಮ ಸೋದರತ್ತೆ ‘ಇವಳಿಗೆ ಹೊಂದಿಕೊಂಡು ಹೋಗುವ ಗುಣವೇ ಇಲ್ಲ’ ಎಂದದ್ದನ್ನೂ, ಮೂರು ವರ್ಷ ಕಳೆದರೂ ಆ ಮಾತು ಮನಸ್ಸಿನಿಂದ ಮಾಸದಿರುವುದನ್ನೂ ಬರೆದು, ನೋಯಿಸಿದವರ ಮೇಲೆ ಕರುಣೆಯಿರಲಿ ಎನ್ನುವುದು ನೊಂದವರ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟಂತಲ್ಲವೇ ಎಂದು ಕೇಳಿದ್ದೀರಿ.

ಹೌದು, ಬಹಳ ಸಲ ಹಾಗೆಯೇ ಆಗುತ್ತದೆ. ಕರುಣೆಯ ಹೆಸರಿನಲ್ಲಿ ನೊಂದವರ ಬಾಯಿ ಮುಚ್ಚಿಸುವುದು ಸುಲಭ. ಅಂಥ ಉಪದೇಶ ಮಾಡುವವರಿಗೆ ಹೆಚ್ಚಾಗಿ ಬೇಕಾಗಿರುವುದು ತಮ್ಮ ನೆಮ್ಮದಿ. ಆದರೆ ಕರುಣೆ, ಕ್ಷಮೆ, ಸಹನೆ ಈ ಮೂರನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೇವೆ.

1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬ ಮನೋವಿಜ್ಞಾನಿಗಳು, ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿಯೂ ವಿರುದ್ಧವಾಗಿಯೂ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಯಾವ ಪಕ್ಷ ವಹಿಸಬೇಕೆಂಬುದನ್ನು ಬರೆದವರು ತಾವಾಗಿ ಆರಿಸಿಕೊಂಡಿರಲಿಲ್ಲವೆಂದು ತಿಳಿಸಿದಾಗಲೂ, ಅವರ ಮನಸ್ಸಿನ ಒಲವು ಪ್ರಬಂಧದಲ್ಲಿದ್ದಂತೆಯೇ ಇರಬೇಕೆಂದು ಓದುಗರು ಒಂದಷ್ಟು ಮಟ್ಟಿಗೆ ನಂಬಿದರು. ಸಂದರ್ಭದ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲವನ್ನೂ ಎದುರಿನವರ ಸ್ವಭಾವಕ್ಕೆ ಕಟ್ಟುವ ಈ ತಪ್ಪನ್ನೇ ನಿಮ್ಮ ಸೋದರತ್ತೆಯೂ ಮಾಡಿದರು; ನಿಮ್ಮ ದಾಂಪತ್ಯದ ಒಳಗೇನಿತ್ತೆಂದು ಅವರಿಗೆ ತಿಳಿದಿರಲಿಲ್ಲ. ಅವರು ‘ಕಲ್ಲುಮನಸ್ಸಿನವರು’ ಎಂದು ನೀವು ತೀರ್ಮಾನಿಸುವಾಗ (ಕಾಗದದಲ್ಲಿ ಆ ಪದ ನಾಲ್ಕು ಸಲ ಬಂದಿದೆ) ಆಗುವುದೂ ಅದೇ. ನನ್ನ ಮಟ್ಟಿಗೆ ಕರುಣೆಯೆಂದರೆ ಆ ತೀರ್ಮಾನವನ್ನು ತಡೆಹಿಡಿಯುವುದಷ್ಟೇ. ಅವರಾಡಿದ್ದು ಸರಿಯೆಂದು ಒಪ್ಪಬೇಕೆಂದಾಗಲಿ, ಹಿಂದಿನ ಸಲುಗೆಗೆ ಮರಳಬೇಕೆಂದಾಗಲಿ ಅದರಲ್ಲಿ ಬರುವುದಿಲ್ಲ.

ನಾಲ್ಕು ಜನರ ಮುಂದೆ ಬೇಡ, ಅವರೊಬ್ಬರೇ ಇದ್ದಾಗ ‘ಅತ್ತೆ, ಅಂದು ನೀವಾಡಿದ ಮಾತಿನಿಂದ ನನಗೆ ಬಹಳ ನೋವಾಗಿದೆ, ಆ ವಿಷಯವನ್ನು ಇನ್ನು ಎತ್ತಬೇಡಿ’ ಎಂದು ಹೇಳಿ. ಅವರು ಒಪ್ಪದಿರಬಹುದು, ಆಗ ಹೋಗಿಬರುವುದನ್ನು ಕಡಿಮೆ ಮಾಡಿದರೆ ಅದನ್ನು ಹಗೆಯೆನ್ನಲಾಗದು. ಕೈಮಾಡುವವರ, ಬೆದರಿಸುವವರ ವಿಷಯ ಬೇರೆಯೇ: ಅಲ್ಲಿ ಮೊದಲು ದೂರ ಸರಿಯಬೇಕು, ಕರುಣೆಯ ಮಾತು ಆಮೇಲೆ.

ಕಾಗದದ ಎರಡನೆಯ ಪುಟದಲ್ಲಿ ನೀವು ಹೊಡೆದುಹಾಕಿರುವ ಸಾಲೊಂದು ಇನ್ನೂ ಓದಲು ಬರುತ್ತದೆ: ‘ಪಾಪ, ಅವರೂ ತಮ್ಮ ಕಾಲದಲ್ಲಿ ಎಲ್ಲವನ್ನೂ ನುಂಗಿಕೊಂಡೇ ಬದುಕಿದವರು.’ ಅದನ್ನು ಹೊಡೆದುಹಾಕಬೇಕಾಗಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಮಿಕ್ಕ ಸಾಲುಗಳನ್ನು ಹೊಡೆಯಬೇಕಾಗಿಯೂ ಇಲ್ಲ.

– ಸಂಪಾದಕ